ಹುಕುಂ, ಅಪ್ಪಣೆ, ತಾಕೀತು: ಒಂದು ಲೇಖನಕ್ಕೆ ಉತ್ತರ

ಪ್ರಿಯ ಬರಹಗಾರರೇ,

ನಿಮ್ಮ ‘ದರ್ಪದ ಕ್ರಿಯಾಪದಗಳು: ಇಂಗ್ಲಿಷಿನಿಂದ ಫ್ರೆಂಚಿಗೆ’ ಲೇಖನ ಕೈಸೇರಿ ಮೂರು ವಾರ ಆಯಿತು. ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಮುಗಿಸುವವನು ನಾನು. ನಿಮ್ಮದನ್ನು ಮೊದಲ ಸಲ ಓದಿ ಖುಷಿಪಟ್ಟೆ. ಮತ್ತೆ ಓದಿದಾಗ ಸಿಟ್ಟು ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೆಚ್ಚಿದ್ದನ್ನು ಮೊದಲು ಹೇಳಿಬಿಡುತ್ತೇನೆ. ವಿಷಯ ಹೊಸದು. ಬರವಣಿಗೆಯಲ್ಲಿ ಲವಲವಿಕೆ ಇದೆ. ಒಬ್ಬರನ್ನು ಬೇಕಾದಂತೆ ಆಡಿಸುವುದಕ್ಕೆ ಫ್ರೆಂಚರು ‘ಮೂಗಿನ ತುದಿ ಹಿಡಿದು ನಡೆಸುವುದು’ ಅನ್ನುತ್ತಾರೆ, ಅದನ್ನು ನಮ್ಮ ಮೂಗುದಾರದ ಪಕ್ಕ ಇಟ್ಟಿದ್ದೀರಲ್ಲ, ಅದು ಚೆನ್ನಾಗಿದೆ. ಆಯಿತು, ಇನ್ನು ಆರನೇ ಪುಟಕ್ಕೆ ಬರೋಣ.

ಆರನೇ ಪುಟದಲ್ಲಿ ಒಂದು ಕೋಷ್ಟಕ ಇದೆ. ಎಡಗಡೆ ಇಂಗ್ಲಿಷ್, ಬಲಗಡೆ ಫ್ರೆಂಚ್. ಡಾಮಿನೇಟ್‌ಗೆ ದೊಮಿನೇ, ಕಂಟ್ರೋಲ್‌ಗೆ ಕೊಂತ್ರೋಲೇ, ಡಿಮಾಂಡ್‌ಗೆ ದಮಾಂದೇ, ರೂಲ್‌ಗೆ ಗುವೆರ್ನೇ, ಒಬೇಗೆ ಒಬೇಯಿರ್. ಕೆಳಗೆ ನಿಮ್ಮ ಮಾತು: ‘ಎರಡೂ ಭಾಷೆಗಳ ಬೇರು ಒಂದೇ. ಹಾಗಾಗಿ ಅಧಿಕಾರದ ಕ್ರಿಯಾಪದಗಳ ಅನುವಾದ ಸುಲಭ.’

ಬೇರು ಒಂದೇ ಅಲ್ಲ. ಇಂಗ್ಲಿಷ್ ಜರ್ಮಾನಿಕ್ ಕುಟುಂಬದ್ದು, ಫ್ರೆಂಚ್ ಲ್ಯಾಟಿನ್ನಿನಿಂದ ಬಂದದ್ದು. 1066ರಲ್ಲಿ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಳುವವರ ಬಾಯಲ್ಲಿ ಫ್ರೆಂಚ್ ಇತ್ತು. ಆಳುವುದಕ್ಕೆ ಬೇಕಾದ ಮಾತುಗಳು ಅವರ ಜೊತೆಗೇ ಬಂದವು: ಕಮಾಂಡ್, ಗವರ್ನ್, ರೀನ್, ಒಬೇ. ನಮ್ಮಲ್ಲೂ ಹೀಗೇ ಆಯಿತಲ್ಲ? ಹುಕುಂ, ತಾಕೀತು, ಜಪ್ತಿ, ಅಮಲ್ದಾರ, ಇವೆಲ್ಲ ಪಾರ್ಸಿಯ ದಾರಿಯಲ್ಲಿ ಕಚೇರಿಗೆ ಬಂದು, ಅಲ್ಲಿಂದ ಮನೆಗೆ ನುಗ್ಗಿದವು. (ಹಳೆಯ ಕಾಗದಪತ್ರದಲ್ಲಿ ‘ಅಮಲು’ ಅಂದರೆ ಅಧಿಕಾರ. ಈಗ ಅದು ತಲೆಗೇರುವ ಮತ್ತು. ಹೆಚ್ಚು ವಿವರಿಸುವುದಿಲ್ಲ.) ಹೀಗೆ ವಲಸೆ ಬಂದ ಮಾತು ಇಲ್ಲೇ ಬೆಳೆಯುತ್ತದೆ. ಊರಿನಲ್ಲಿ ಉಳಿದ ಅದರ ಅಣ್ಣತಮ್ಮಂದಿರು ಬೇರೆ ಥರ ಬೆಳೆಯುತ್ತಾರೆ. ಮುಖ ನೋಡಿದರೆ ಹೋಲಿಕೆ ಕಾಣುತ್ತದೆ, ಕಸುಬು ಮಾತ್ರ ಬೇರೆಬೇರೆ.

ಕಂಟ್ರೋಲ್ ತೆಗೆದುಕೊಳ್ಳಿ. ಇದು ನನ್ನ ಹಳೆಯ ಗಾಯ.

ತೊಂಬತ್ತರ ದಶಕದ ಮೊದಲಿಗೆ ಬೆಂಗಳೂರಿನ ಒಂದು ಸಣ್ಣ ಅನುವಾದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಫ್ರೆಂಚ್ ಕಲಿತು ಎರಡು ವರ್ಷ ಆಗಿತ್ತು. ಎಲ್ಲ ಬರುತ್ತದೆ ಅನ್ನೋ ಭ್ರಮೆ ಇರುವ ವಯಸ್ಸು. ಪೀಣ್ಯದ ಕಡೆಯ ಒಂದು ಕಾರ್ಖಾನೆ ಪಶ್ಚಿಮ ಆಫ್ರಿಕಾಕ್ಕೆ ಪಂಪ್ ಕಳಿಸುತ್ತಿತ್ತು. ಅದರ ಕೈಪಿಡಿಯನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ಮಾಡುವ ಕೆಲಸ ನನಗೆ ಬಂತು. ‘ಈ ವಾಲ್ವ್‌ನಿಂದ ಪ್ರೆಶರ್ ಕಂಟ್ರೋಲ್ ಮಾಡಿ’ ಅನ್ನೋ ಸಾಲಿತ್ತು. ನಿಮ್ಮ ಕೋಷ್ಟಕದಲ್ಲಿರುವ ಹಾಗೇ, ಕಣ್ಣುಮುಚ್ಚಿ ಕೊಂತ್ರೋಲೇ ಅಂತ ಬರೆದೆ.

ನಮ್ಮಲ್ಲಿ ತಿದ್ದುವ ಕೆಲಸ ಮಾಡುತ್ತಿದ್ದವರು ಪಾಂಡಿಚೇರಿಯ ಒಬ್ಬ ಹಿರಿಯರು. 1954ರ ನವೆಂಬರ್ 1ರಂದು ಫ್ರೆಂಚರು ಅಲ್ಲಿನ ಆಡಳಿತ ಬಿಟ್ಟುಕೊಟ್ಟಾಗ ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕನ್ನಡ ಅಷ್ಟಕ್ಕಷ್ಟೇ. ನಮ್ಮನ್ನೆಲ್ಲ ‘ತಂಬಿ’ ಅನ್ನುತ್ತಿದ್ದರು. ನನ್ನ ಹಾಳೆ ಹಿಡಿದು ಕೇಳಿದರು: ‘ತಂಬಿ, ಇದು ಓದಿದವನು ಪ್ರೆಶರ್ ಎಷ್ಟಿದೆ ಅಂತ ನೋಡ್ತಾನೆ, ಮನೆಗೆ ಹೋಗ್ತಾನೆ. ಕಮ್ಮಿ ಮಾಡೋನು ಯಾರು?’

ಯಾಕೆಂದರೆ ಕೊಂತ್ರೋಲೇ ಮೂಲತಃ ಆಳುವ ಮಾತೇ ಅಲ್ಲ. ಅದು ಲೆಕ್ಕಪತ್ರದ ಮಾತು. ಒಂದು ಪಟ್ಟಿಗೆ ಎದುರಾಗಿ ಇನ್ನೊಂದು ಪಟ್ಟಿ ಇಟ್ಟು ತಾಳೆ ನೋಡುವುದು, ‘ಎದುರು ಪಟ್ಟಿ’ ಅನ್ನುವುದೇ ಅದರ ಮೂಲ. ಇವತ್ತಿಗೂ ಅಲ್ಲಿ ರೈಲಿನಲ್ಲಿ ಟಿಕೆಟ್ ನೋಡಲು ಬರುವವನ ಹೆಸರು ಇದೇ ಕ್ರಿಯಾಪದದಿಂದ ಬಂದದ್ದು. ಅವನು ರೈಲು ನಡೆಸುವವನಲ್ಲ. ವಾಲ್ವ್ ತಿರುಗಿಸಿ ಪ್ರೆಶರ್ ಹದಕ್ಕೆ ತರುವುದಕ್ಕೆ ರೇಗ್ಲೇ ಬೇಕು. ಕುದುರೆಯನ್ನೋ ಸಿಟ್ಟನ್ನೋ ಹಿಡಿತಕ್ಕೆ ತರುವುದಕ್ಕೆ ಮೆತ್ರಿಜೇ ಬೇಕು. ಈಗ ಫ್ರೆಂಚ್ ಪತ್ರಿಕೆಗಳೂ ಇಂಗ್ಲಿಷ್ ಅರ್ಥದಲ್ಲೇ ಕೊಂತ್ರೋಲೇ ಬರೆಯುತ್ತವೆ, ನಿಜ. ‘ಬಂಡುಕೋರರು ಊರನ್ನು ಕೊಂತ್ರೋಲೇ ಮಾಡುತ್ತಿದ್ದಾರೆ’ ಅಂದರೆ ಯಾರೂ ಟಿಕೆಟ್ ತೆಗೆಯುವುದಿಲ್ಲ. ಆದರೆ ನಿಮ್ಮ ಉದಾಹರಣೆ ‘ಅತ್ತೆ ಸೊಸೆಯನ್ನು ಕಂಟ್ರೋಲ್ ಮಾಡುತ್ತಿದ್ದಳು’ ಅನ್ನುವುದು. ಅಲ್ಲಿ ಕೊಂತ್ರೋಲೇ ಹಾಕಿದರೆ ಅತ್ತೆ ಸೊಸೆಯ ಚೀಲ ತಪಾಸಣೆ ಮಾಡಿದ ಹಾಗೂ ಕೇಳಿಸುತ್ತದೆ.

ಡಿಮಾಂಡ್ ಇನ್ನೂ ಅಪಾಯ. ದಮಾಂದೇ ಅಂದರೆ ಬರೀ ಕೇಳುವುದು. ದಾರಿ ಕೇಳುವುದು, ಉಪ್ಪು ಕೇಳುವುದು. ಪಟ್ಟು ಹಿಡಿದು ಕೇಳುವುದಕ್ಕೆ ಎಗ್ಜಿಜೇ ಇದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯಗಳನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಅದೇ ದಿನ 660ನೇ ನಿರ್ಣಯ ಬಂತು. ಸೇನೆಯನ್ನು ತಕ್ಷಣ ಹಿಂದಕ್ಕೆ ಕರೆಸಿಕೊಳ್ಳಬೇಕು ಅಂತ ಇಂಗ್ಲಿಷಿನಲ್ಲಿ ಡಿಮಾಂಡ್ ಇದೆ, ಫ್ರೆಂಚಿನಲ್ಲಿ ಎಗ್ಜಿಜೇ ಇದೆ. ನಿಮ್ಮ ಕೋಷ್ಟಕ ಹಿಡಿದು ಅನುವಾದ ಮಾಡಿದ್ದರೆ ಮಂಡಳಿ ಸದ್ದಾಂ ಹುಸೇನರನ್ನು ‘ಸ್ವಲ್ಪ ಹೊರಡ್ತೀರಾ?’ ಅಂತ ಕೇಳಿದ ಹಾಗಾಗುತ್ತಿತ್ತು. ಅದೇ ಮಂಡಳಿ ತನ್ನ ಪ್ರಧಾನ ಕಾರ್ಯದರ್ಶಿಗೆ ಕೆಲಸ ಹೇಳುವಾಗ ಇಂಗ್ಲಿಷಿನಲ್ಲಿ ‘ರಿಕ್ವೆಸ್ಟ್’ ಮಾಡುತ್ತದೆ. ಫ್ರೆಂಚಿನಲ್ಲಿ ಆ ಜಾಗದಲ್ಲಿರುವುದು ಪ್ರಿಯೇ. ನಾಟಕದ ‘ಪ್ರಿಯೇ’ ಅಲ್ಲ, ಪ್ರಾರ್ಥಿಸುವುದು. ದೇವರ ಮುಂದೆ ಬಳಸುವ ಕ್ರಿಯಾಪದವೇ. ಪ್ರಾರ್ಥನೆ ಅಂತ ಬರೆದರೂ ಅದು ಕೆಲಸ ಹಚ್ಚುವ ಮಾತು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು.

ರೂಲ್ ಬಗ್ಗೆ ಒಂದೇ ಮಾತು. 1830ರಲ್ಲಿ ಫ್ರೆಂಚ್ ಪತ್ರಕರ್ತ ಅಡಾಲ್ಫ್ ತಿಯೆರ್ ಬರೆದ ಒಂದು ವಾಕ್ಯ ಫ್ರೆಂಚ್ ಶಾಲಾ ಮಕ್ಕಳಿಗೂ ಗೊತ್ತಿರುವಂಥದ್ದು: ರಾಜ ‘ರೇನ್ಯೇ’ ಮಾಡುತ್ತಾನೆ, ‘ಗುವೆರ್ನೇ’ ಮಾಡುವುದಿಲ್ಲ. ಅಂದರೆ ಪಟ್ಟದಲ್ಲಿ ಇರುತ್ತಾನೆ, ಆಡಳಿತ ನಡೆಸುವುದಿಲ್ಲ. ಇಂಗ್ಲಿಷಿನ ಒಂದು ರೂಲ್ ಒಳಗೆ ಈ ಎರಡೂ ಕೂತಿವೆ. ನೀವು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟಿದ್ದೀರಿ.

ಈಗ ನಿಜಕ್ಕೂ ನನ್ನನ್ನು ಕೆಣಕಿದ ಸಾಲು. ಒಂಬತ್ತನೇ ಪುಟ: ‘ಫ್ರೆಂಚ್ ಮೃದುವಾದ ಭಾಷೆ. ಇಂಗ್ಲಿಷಿನ ಒರಟು ಅಧಿಕಾರ ಅಲ್ಲಿ ಕರಗಿಹೋಗುತ್ತದೆ.’

ಯಾರು ಹೇಳಿದರು ನಿಮಗೆ? ಸುಗಂಧದ ಬಾಟಲಿಯ ಮೇಲೆ ಓದಿದಿರಾ? 1945ರಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸನ್ನದಿನ ಎರಡನೇ ವಿಧಿ ತೆಗೆದು ನೋಡಿ. ಬಲಪ್ರಯೋಗ ಮಾಡಬಾರದು ಅನ್ನುವ ಜಾಗದಲ್ಲಿ ಇಂಗ್ಲಿಷ್ ‘ಶಲ್’ ಹಾಕುತ್ತದೆ. ಫ್ರೆಂಚ್ ಏನೂ ಹಾಕುವುದಿಲ್ಲ. ಸುಮ್ನೆ ವರ್ತಮಾನಕಾಲ: ‘ಸದಸ್ಯರು ದೂರವಿರುತ್ತಾರೆ.’ ಇಷ್ಟೇ. ಬೇಕು ಇಲ್ಲ, ಕೂಡದು ಇಲ್ಲ. ನಡೆಯುವುದೇ ಹೀಗೆ, ಬೇರೆ ದಾರಿಯೇ ಇಲ್ಲ ಅನ್ನುವ ಧಾಟಿ. ಕೆನಡಾದವರು ಇದನ್ನು ಕಾಯಿದೆಯಲ್ಲೇ ಬರೆದಿಟ್ಟಿದ್ದಾರೆ. ಕಾಯಿದೆಗಳನ್ನು ಹೇಗೆ ಅರ್ಥ ಮಾಡಬೇಕು ಅಂತ ಹೇಳುವ ಅವರ ಒಕ್ಕೂಟದ ಕಾಯಿದೆಯ 11ನೇ ಕಲಮು ನೋಡಿ. ಇಂಗ್ಲಿಷ್ ಪಠ್ಯದಲ್ಲಿ ‘ಶಲ್’ ಅಂದರೆ ಕಡ್ಡಾಯ ಅನ್ನುತ್ತದೆ. ಫ್ರೆಂಚ್ ಪಠ್ಯದಲ್ಲಿ ಕಡ್ಡಾಯವನ್ನು ಮುಖ್ಯವಾಗಿ ಹೇಳುವುದು ಕ್ರಿಯಾಪದದ ವರ್ತಮಾನ ರೂಪವೇ ಅನ್ನುತ್ತದೆ.

ಇದು ಮೃದುವೇ? ನಮ್ಮಮ್ಮ ‘ಓದಬೇಕು’ ಅಂದಾಗ ನಾನು ಆಚೀಚೆ ನೋಡುತ್ತಿದ್ದೆ. ‘ಈಗ ಒಳಗೆ ಹೋಗ್ತೀಯ, ಪುಸ್ತಕ ತೆಗೀತೀಯ’ ಅಂದಾಗ ಎದ್ದು ಹೋಗುತ್ತಿದ್ದೆ. ಕನ್ನಡದವರಿಗೆ ಇದು ಗೊತ್ತಿಲ್ಲದ್ದಲ್ಲ. ನಮ್ಮ ಸರ್ಕಾರಿ ಕನ್ನಡ ಬೇರೆ ದಾರಿ ಹಿಡಿದು ಎಲ್ಲದಕ್ಕೂ ‘ತಕ್ಕದ್ದು’ ಅಂಟಿಸಿಕೊಂಡಿತು, ಅದರ ಮಾತು ಬೇರೆ.

ಕೊನೆಗೆ ನಿಮ್ಮ ಮಾದರಿ ವಾಕ್ಯ. ಮನೆಕೆಲಸದಾಕೆಯ ಬಾಯಲ್ಲಿ ಇಂಗ್ಲಿಷಿನಲ್ಲಿ ‘ಐ ವಾಸ್ ಆರ್ಡರ್ಡ್ ಟು ಲೀವ್’ ಅಂತಿದೆ. ನೀವು ‘ಜ ಫ್ಯೂ ಒರ್ದೊನೇ’ ಅಂತ ಫ್ರೆಂಚ್ ಮಾಡಿದ್ದೀರಿ. ಮನುಷ್ಯರಿಗೆ ‘ಒರ್ದೊನೇ’ ಆದರೆ ಫ್ರೆಂಚರಿಗೆ ಕೇಳಿಸುವುದು ದೀಕ್ಷೆ ಕೊಟ್ಟು ಪಾದ್ರಿ ಮಾಡಿದರು ಅಂತ! ಪಾಪ, ಕೆಲಸ ಕಳೆದುಕೊಂಡವಳಿಗೆ ಚರ್ಚು ಸಿಕ್ಕಿತು. ಅಪ್ಪಣೆ ಫ್ರೆಂಚಿನಲ್ಲಿ ಒಬ್ಬರ‘ನ್ನು’ ಮುಟ್ಟುವುದಿಲ್ಲ, ಒಬ್ಬರಿ‘ಗೆ’ ಮುಟ್ಟುತ್ತದೆ. ಅದಕ್ಕೆ ‘ಆ’ ಅನ್ನೋ ಪುಟ್ಟ ಅಕ್ಷರ ಬೇಕು. ‘ಗೆ’ ಇರುವವರನ್ನು ಎತ್ತಿ ವಾಕ್ಯದ ಯಜಮಾನರ ಜಾಗದಲ್ಲಿ ಕೂರಿಸಿ, ಇಂಗ್ಲಿಷಿನ ಹಾಗೆ ಕರ್ಮಣಿ ಮಾಡಲು ಅಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಬದಲಿಗೆ ‘ಓಂ’ ಬರುತ್ತದೆ. ಓಂಕಾರ ಅಲ್ಲ, ಮೂಗಿನಲ್ಲಿ ಹೇಳಬೇಕು. ಯಾರೋ, ಮುಖ ಇಲ್ಲದವರು. ‘ಓಂ ನನಗೆ ಹೊರಡಲು ಅಪ್ಪಣೆ ಮಾಡಿತು.’

ನಿಮ್ಮ ಕನ್ನಡದಲ್ಲಿ ಇದೇ ಸಾಲು ಹೀಗಿದೆ: ‘ನನಗೆ ಹೊರಡುವಂತೆ ಆದೇಶಿಸಲಾಯಿತು.’ ಯಾವ ಊರಿನ ಕೆಲಸದಾಕೆ ‘ಆದೇಶಿಸಲಾಯಿತು’ ಅನ್ನುತ್ತಾಳೆ? ಅವಳು ‘ಹೋಗು ಅಂದ್ಬಿಟ್ರು’ ಅನ್ನುತ್ತಾಳೆ. ಯಾರು ಅಂದರು? ಹೇಳಬೇಕಾಗಿಲ್ಲ. ಆ ‘ಅಂದ್ರು’ ಒಳಗೆ ಇರುವುದು ಅದೇ ಮುಖವಿಲ್ಲದ ಫ್ರೆಂಚ್ ಓಂ. ನಮ್ಮ ‘ಗೆ’ ಅವರ ‘ಆ’ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಒಬೇಯಿರ್‌ಗೂ ಆ ‘ಆ’ ಬೇಕು, ನಿಮ್ಮ ‘ಅಮ್ಮನನ್ನು ಒಬೇ ಮಾಡು’ ವಾಕ್ಯದಲ್ಲಿ ಅದೂ ಬಿಟ್ಟುಹೋಗಿದೆ. ಅದರ ಲ್ಯಾಟಿನ್ ಮೂಲದಲ್ಲಿ ‘ಕೇಳಿಸಿಕೊಳ್ಳುವುದು’ ಅನ್ನೋ ಮಾತು ಇದೆ. ನಾವೂ ಅಮ್ಮನ ಮಾತು ‘ಕೇಳು’ ಅನ್ನುತ್ತೇವೆ, ‘ಪಾಲಿಸು’ ಅನ್ನುವುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ. ‘ಅವನನ್ನು ಅಳಿಸಿದಳು’, ‘ಸೈನಿಕರಿಂದ ಹಾಡಿಸಿದ’ ಅನ್ನುವುದಕ್ಕೆ ಇಂಗ್ಲಿಷ್ ಮೇಕ್, ಹ್ಯಾವ್, ಗೆಟ್ ಅಂತ ಮೂರು ಬಾಗಿಲು ತಟ್ಟುತ್ತದೆ. ಫ್ರೆಂಚಿಗೆ ಸಾಮಾನ್ಯವಾಗಿ ಒಂದು ‘ಫೆರ್’ ಸಾಕು, ನಮಗೆ ಒಂದು ‘ಇಸು’ ಸಾಕು. ಬಲವಂತವೋ ಬರೀ ಏರ್ಪಾಡೋ ಎರಡೂ ಬಾಯಿಬಿಡುವುದಿಲ್ಲ.

ನೀವು ಕನ್ನಡದಲ್ಲಿ ಬರೆಯುತ್ತ ಇಷ್ಟು ಹತ್ತಿರದ ದಾರಿ ಬಿಟ್ಟು ಇಂಗ್ಲಿಷಿನ ಬಳಸುದಾರಿಯಲ್ಲಿ ಹೋಗಿದ್ದೀರಿ. ‘ಪ್ರಾಬಲ್ಯ ಸಾಧಿಸು’ ಹನ್ನೊಂದು ಸಲ ಬಂದಿದೆ, ಎಣಿಸಿದೆ. ದಬಾಯಿಸು, ಗದರಿಸು, ಹದ್ದುಬಸ್ತಿನಲ್ಲಿಡು, ಜಬರದಸ್ತು ಮಾಡು, ಯಜಮಾನಿಕೆ ನಡೆಸು, ಇವು ಒಂದು ಸಲವೂ ಇಲ್ಲ. ನನ್ನ ಮೊದಲ ಕೈಪಿಡಿಯನ್ನು ಆ ಹಿರಿಯರು ವಾಪಸ್ಸು ಕೊಟ್ಟಾಗ ಪ್ರತಿ ಪುಟದಲ್ಲೂ ಒಂದೇ ಪ್ರಶ್ನೆ ಬರೆದಿದ್ದರು, ಕೆಂಪು ಶಾಯಿಯಲ್ಲಿ: ‘ಯಾರು ಯಾರಿಗೆ?’ ಮೂವತ್ತೆರಡು ಪುಟ, ಮೂವತ್ತೆರಡು ಸಲ. ಆವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ನೀವೂ ಬೈದುಕೊಳ್ಳಿ, ಅಡ್ಡಿಯಿಲ್ಲ.

ಉಳಿದ ಪುಟಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಕೋಷ್ಟಕ ಕಿತ್ತುಹಾಕಿ. ಒಂಬತ್ತನೇ ಪುಟದ ಆ ಎರಡು ಸಾಲನ್ನೂ ತೆಗೆಯಿರಿ. ಕೆಲಸದಾಕೆಯ ಭಾಗವನ್ನು ಮಾತ್ರ ಅವಳ ಕನ್ನಡದಲ್ಲಿ ಮತ್ತೆ ಬರೆದು, ಅಲ್ಲಿಂದ ನೇರವಾಗಿ ಫ್ರೆಂಚಿಗೆ ಮಾಡಿ ನೋಡಿ. ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ