ಖಾಲಿ ಗುಂಡಿಗೆ ಯಾಕೆ ಇಷ್ಟು ಖರ್ಚು?

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮನೆ ಹತ್ತಿರ ಹಳೆಯ ಜಮೀನ್ದಾರಿ ಬಂಗಲೆಯ ಜಾಗದಲ್ಲಿ ಹೊಸ ಮನೆಗಳು ಬರಲಿವೆ. ಬಂಗಲೆ ಕೆಡವಿ ಎಷ್ಟೋ ವರ್ಷವಾಯ್ತು. ಆದರೂ ಪುರಾತತ್ವದವರು ಬಂದು ಉದ್ದುದ್ದ ಗುಂಡಿ ತೋಡಿ, ನೋಡಿ, ಮುಚ್ಚಿ ಹೋದರು. ಏನೂ ಸಿಗಲಿಲ್ಲವಂತೆ. ಇದು ಸುಮ್ನೆ ದುಡ್ಡು ದಂಡ ಅಲ್ವಾ? ಅದೂ ಬಿಲ್ಡರ್ ದುಡ್ಡಲ್ಲಿ ಬರೆದ ವರದಿಯನ್ನು ನಂಬೋದು ಹೇಗೆ?"

ನಮಸ್ಕಾರ. ದಂಡ ಅಲ್ಲ ಅಂತಲೇ ನನ್ನ ಅಭಿಪ್ರಾಯ.

ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಂಗಲೆಗಳು ನೆಲಸಮವಾದವು. ಇಟ್ಟಿಗೆ, ಕಲ್ಲು, ಮಾಡಿನ ಸೀಸ ಎಲ್ಲ ಮಾರಾಟವಾಯಿತು. ಕೆಲವು ಕಡೆ ಬುನಾದಿಯ ಕಲ್ಲನ್ನೂ ಕಿತ್ತರು. ಆದರೆ ಕಿತ್ತ ಜಾಗಕ್ಕೆ ಗಾರೆ ಚೂರು, ಕಸ, ಬೇರೆ ಬಣ್ಣದ ಮಣ್ಣು ತುಂಬಿಕೊಳ್ಳುತ್ತದೆ. ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿ ಮೇಲ್ಮಣ್ಣನ್ನು ಪದರ ಪದರವಾಗಿ ಕೆರೆದು, ಆಮೇಲೆ ಕರಣೆ ಹಿಡಿದು ಕೂತರೆ ಆ ಬಣ್ಣದ ಗೆರೆಯಲ್ಲೇ ಗೋಡೆ ಎಲ್ಲಿತ್ತು ಅಂತ ಗೊತ್ತಾಗುತ್ತದೆ.

ಅದೂ ಅಲ್ಲದೆ, ಹುಡುಕುವುದು ಬಂಗಲೆಯೊಂದನ್ನೇ ಅಲ್ಲ. ಬರ್ಮಿಂಗ್‌ಹ್ಯಾಂ ಹತ್ತಿರದ ಕೋಲ್ಸ್‌ಹಿಲ್ ನೋಡಿ. ಎಚ್‌ಎಸ್2 ಎಂಬ ಅತಿವೇಗದ ರೈಲು ಮಾರ್ಗಕ್ಕಾಗಿ ಅಲ್ಲಿನ ಹೊಲದಲ್ಲಿ ಪರೀಕ್ಷಾ ಗುಂಡಿ ತೆಗೆದರು. ಸಿಕ್ಕಿದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿನ, ಡಿಗ್ಬಿ ಎಂಬ ಜಮೀನ್ದಾರಿ ಮನೆತನದ ಬಂಗಲೆಯ ಉದ್ಯಾನ. ಒಂದು ತುದಿಯಿಂದ ಇನ್ನೊಂದಕ್ಕೆ 300 ಮೀಟರ್! ಜಲ್ಲಿ ಹಾಸಿದ ದಾರಿಗಳು, ಹೂವಿನ ಪಾತಿಗಳು ಹಾಗೇ ಉಳಿದಿದ್ದವು. ಬಂಗಲೆಯ ಹೆಬ್ಬಾಗಿಲಿನ ಗೋಡೆಯಲ್ಲಿ ಗುಂಡೇಟಿನ ಸುಮಾರು 200 ಗುರುತುಗಳೂ ಸಿಕ್ಕವು. 1642ರಲ್ಲಿ, ರಾಜ ಮತ್ತು ಸಂಸತ್ತಿನ ನಡುವಿನ ಅಂತರ್ಯುದ್ಧದ ಆರಂಭದಲ್ಲೇ, ಪಕ್ಕದ ಕರ್ಡ್‌ವರ್ತ್ ಸೇತುವೆ ಬಳಿ ಕಾಳಗ ನಡೆದಿತ್ತು. ಮೇಲೆ ನೋಡಿದರೆ ಅದು ಬರೀ ಹೊಲ.

ಕಟ್ಟುವ ಮೊದಲೇ ಯಾಕೆ? 1989ರಲ್ಲಿ ಲಂಡನ್ನಿನಲ್ಲಿ ಆಫೀಸ್ ಕಟ್ಟಡಕ್ಕೆ ಜಾಗ ಸಿದ್ಧ ಮಾಡುವಾಗ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅವಶೇಷ ಬಯಲಾಯಿತು. ನಟರು ಬೀದಿಗಿಳಿದರು, ಬಿಲ್ಡರ್ ನಕ್ಷೆಯನ್ನೇ ಬದಲಿಸಬೇಕಾಯಿತು. ಮರುವರ್ಷ, 1990ರಲ್ಲಿ, ಸರ್ಕಾರ ಹೊಸ ಮಾರ್ಗಸೂಚಿ ತಂದಿತು: ಮೊದಲು ಪರೀಕ್ಷೆ, ಆಮೇಲೆ ಅನುಮತಿಯ ತೀರ್ಮಾನ, ಖರ್ಚು ಕಟ್ಟುವವರದ್ದು. ಬಿಲ್ಡರಿಗೂ ಇದರಲ್ಲೇ ಲಾಭ ಜಾಸ್ತಿ.

ನಿಮ್ಮ ಎರಡನೇ ಅನುಮಾನ ಪೂರ್ತಿ ತಪ್ಪಲ್ಲ. ಕಡಿಮೆ ದರ ಹೇಳಿದವರಿಗೇ ಕೆಲಸ ಹೋಗುವ ಅಪಾಯ ಇದ್ದೇ ಇದೆ. ಆದರೆ ಗುಂಡಿ ಎಲ್ಲಿ, ಎಷ್ಟು ಅನ್ನುವ ಯೋಜನೆಗೆ ಸ್ಥಳೀಯ ಆಡಳಿತದ ಪುರಾತತ್ವ ಸಲಹೆಗಾರರು ಒಪ್ಪಬೇಕು. ವರದಿಯನ್ನು ತೂಗಿ ನೋಡುವವರೂ ಅವರೇ.

ಊರಲ್ಲಿ ಇಷ್ಟೆಲ್ಲ ಕೇಳಲ್ಲ ಅಂತಲೂ ಬರೆದಿದ್ದೀರಿ. ನಿಜ. ಭಾರತದಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಅದರಾಚೆಯ ಹಳೇ ವಾಡೆಯನ್ನು ಕೆಡವಿದರೆ, ನೆಲದೊಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ಅನುಕೂಲ ಅನ್ನಲು ನನಗಂತೂ ಮನಸ್ಸಿಲ್ಲ.

ನೀವೊಂದು ಕೆಲಸ ಮಾಡಿ. ಇಂಥ ವರದಿ ಸಾಮಾನ್ಯವಾಗಿ ಕೌಂಟಿಯ ಪಾರಂಪರಿಕ ದಾಖಲೆ ಕಚೇರಿಗೆ ಬರುತ್ತದೆ. ಕೇಳಿ ತರಿಸಿಕೊಳ್ಳಿ. ಗುಂಡಿಗಳ ನಕ್ಷೆ ನೋಡಿ. ಬಂಗಲೆ ಇದ್ದ ಕಡೆ ಮಾತ್ರ ತೋಡಿ ಉದ್ಯಾನ, ಲಾಯದ ಕಡೆ ಬಿಟ್ಟಿದ್ದರೆ, ಯಾಕೆ ಅಂತ ಯೋಜನಾ ವಿಭಾಗಕ್ಕೆ ಒಂದು ಪತ್ರ ಹಾಕಿ.

– ಸಂಪಾದಕ