ಹೊಟ್ಟೆಯುಬ್ಬರಕ್ಕೆ ಆಸಿಡ್ ಮಾತ್ರೆ ಯಾಕೆ?

ಪ್ರಶ್ನೆ: ನನಗೆ 44 ವರ್ಷ. ಊಟವಾಗಿ ಕೆಲವು ಗಂಟೆಗೆ ಹೊಟ್ಟೆ ಉಬ್ಬುತ್ತದೆ. ಗ್ಯಾಸ್ ಹೊರಗೆ ಹೋಗದೆ ಚುಚ್ಚಿದಂತೆ ನೋವು. ಎರಡು ವರ್ಷದಿಂದ ದಿನಾ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೇನೆ, ಪ್ರಯೋಜನವಿಲ್ಲ. ಅವರೆಕಾಳು ಕಾಲದಲ್ಲಿ ಇನ್ನೂ ಜಾಸ್ತಿ. ಏನು ಮಾಡಲಿ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ನಮ್ಮಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಮಲಬದ್ಧತೆ ಎಲ್ಲದಕ್ಕೂ 'ಗ್ಯಾಸ್ಟ್ರಿಕ್' ಅಂತ ಒಂದೇ ಹೆಸರು. ಹೆಸರು ಒಂದೇ ಆದ್ದರಿಂದ ಮಾತ್ರೆಯೂ ಒಂದೇ. ಪ್ಯಾಂಟೊಪ್ರಜೋಲ್ ಜಠರದ ಆಮ್ಲವನ್ನು ತಗ್ಗಿಸುತ್ತದೆ, ಅಷ್ಟೇ. ಕಾಳಿನ ಗ್ಯಾಸ್ ಹುಟ್ಟುವುದು ದೊಡ್ಡ ಕರುಳಿನಲ್ಲಿ. ಅಲ್ಲಿಗೂ ಈ ಮಾತ್ರೆಗೂ ಏನು ಸಂಬಂಧ? ಹಾಗಂತ ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಕೆಲವರಿಗೆ ಆಮ್ಲ ಮೊದಲಿಗಿಂತ ಜೋರಾಗುತ್ತದೆ. ಬರೆದುಕೊಟ್ಟ ವೈದ್ಯರನ್ನೇ 'ಇದು ಯಾಕೆ, ಎಷ್ಟು ದಿನ' ಅಂತ ಕೇಳಿ.

ಅವರೆ, ಕಡಲೆ, ಹುರುಳಿಯಲ್ಲಿ ರಾಫಿನೋಸ್ ಥರದ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗೇ ಕೆಳಗೆ ಇಳಿದಾಗ ಬ್ಯಾಕ್ಟೀರಿಯಾಗಳು ಹುದುಗಿಸಿ ಗ್ಯಾಸ್ ಮಾಡುತ್ತವೆ. ಒಣ ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿ. ಅವರೆ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಉಪ್ಪಿಟ್ಟಿಗೆ, ಮಧ್ಯಾಹ್ನ ಸಾರಿಗೆ, ರಾತ್ರಿ ರೊಟ್ಟಿಗೆ ಅವರೆಯೇ ಆದರೆ ಯಾವ ಹೊಟ್ಟೆ ತಡೆದೀತು? ಕಾಳು ತಿನ್ನದ ದಿನವೂ ಉಬ್ಬುತ್ತಿದ್ದರೆ ಎರಡು ವಾರ ಹಾಲು ಬಿಟ್ಟು ನೋಡಿ, ಕಾಫಿ-ಟೀಗೆ ಹಾಕುವುದೂ ಸೇರಿ. ಮಲಬದ್ಧತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ನೋವು ಬಂದಾಗ ಮಲಗಿಬಿಡಬೇಡಿ. ಹದಿನೈದು ನಿಮಿಷ ನಡೆಯಿರಿ. ಆಮೇಲೆ ಮಂಡಿಗಳನ್ನು ಎದೆಗೆ ಒತ್ತಿಕೊಳ್ಳಿ, ಬಿಸಿನೀರಿನ ಬ್ಯಾಗ್ ಇಡಿ. ಗ್ಯಾಸ್ ಬಂದರೆ ತಡೆಯಬೇಡಿ. ದಿನಕ್ಕೆ 10ರಿಂದ 20 ಸಲ ಬಿಡುವುದು ಸಹಜ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಎದೆ ಹಿಂಡಿದಂತಾಗಿ ಬೆವರು, ಉಸಿರಾಟದ ಕಷ್ಟ, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ. 'ರಾತ್ರಿ ಗ್ಯಾಸ್ ಅಂದುಕೊಂಡ್ವಿ ಡಾಕ್ಟ್ರೇ' ಅಂತ ಮನೆಯವರು ಅಳುವುದನ್ನು ನಾನು ಕಂಡಿದ್ದೇನೆ. ಹೊಟ್ಟೆ ಬಿಗಿದು ವಾಂತಿಯಾಗಿ ಗ್ಯಾಸೂ ಮಲವೂ ನಿಂತರೂ ಅಷ್ಟೇ ತುರ್ತು. ತೂಕ ಇಳಿಯುವುದು, ಮಲದಲ್ಲಿ ರಕ್ತ, ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ಶುರುವಾಗಿ ಬಿಡದ ಉಬ್ಬರ, ಇವಕ್ಕೂ ಪರೀಕ್ಷೆ ಬೇಕೇ ಬೇಕು.

ಪ್ರಶ್ನೆ: ಗ್ಯಾಸ್ ತಲೆಗೆ ಏರಿ ತಲೆನೋವು ಬರುತ್ತದೆಯೇ?

ಉತ್ತರ: ಇಲ್ಲ. ಕರುಳಿನಿಂದ ತಲೆಗೆ ಗ್ಯಾಸ್ ಹೋಗುವ ದಾರಿಯೇ ಇಲ್ಲ.

ಪ್ರಶ್ನೆ: ಹೊಕ್ಕುಳು ಜಾರಿದೆ ಅಂತ ಒಬ್ಬರು ಹೊಟ್ಟೆ ತಿಕ್ಕಿ ಸರಿ ಮಾಡುತ್ತಾರೆ. ಹೋಗಲೇ?

ಉತ್ತರ: ಹೋಗಬೇಡಿ. ಹೊಕ್ಕುಳು ಜಾರುವುದಿಲ್ಲ. ಅಪೆಂಡಿಕ್ಸ್ ಊದಿಕೊಂಡಿರುವ ಹೊಟ್ಟೆಯನ್ನು ಹಾಗೆ ತಿಕ್ಕಿದರೆ ಅಪಾಯ.

ಪ್ರಶ್ನೆ: ಎರಡು ತಿಂಗಳ ಮೊಮ್ಮಗುವಿಗೆ ಹೊಟ್ಟೆ ಉಬ್ಬರ. ಊರಲ್ಲಿ ಬರೆ ಹಾಕಿಸಿ ಅನ್ನುತ್ತಾರೆ.

ಉತ್ತರ: ದಯವಿಟ್ಟು ಬೇಡ. ಸುಟ್ಟ ಗಾಯಕ್ಕೆ ನಂಜಾಗಿ ಕೂಸಿನ ಜೀವಕ್ಕೇ ಕುತ್ತು ಬರಬಹುದು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ, ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ.