ಬಚ್ಚಲ ಚಿಲಕ

ಹುಡುಗನ ಹೆಸರು ಕಿರಣ ಎಂದಿಟ್ಟುಕೊಳ್ಳಿ. ವಯಸ್ಸು 16, ಮೊದಲ ಪಿಯುಸಿ. ಊರು ಮಂಡ್ಯ ಕಡೆಯದು. ಗುರುತು ಸಿಗಬಾರದು ಎಂದು ಮನೆಯ ಕೆಲವು ವಿವರ ಬದಲಿಸಿದ್ದೇನೆ.

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಅಪ್ಪ, ಅಮ್ಮ. ಅಮ್ಮನೇ ಮಾತು ಶುರು ಮಾಡಿದರು. "ಭಾನುವಾರ ತಲೆಗೆ ನೀರು ಹಾಕ್ಕೊಳ್ಳೋಕೆ ಹೋದ್ರೆ ಈಚೆಗೇ ಬರಲ್ಲ ಮೇಡಂ. ಹಂಡೆ ನೀರೆಲ್ಲ ಖಾಲಿ ಮಾಡ್ತಾನೆ. ಬಾಗಿಲು ಬಡಿದ್ರೆ ಒಳಗಿಂದ ಏನೇನೋ ಮಾತಾಡ್ತಾನೆ. ಆಮೇಲೆ ಕೇಳಿದ್ರೆ ನಾನೇನೂ ಅಂದಿಲ್ಲ ಅಂತಾನೆ."

ಅಪ್ಪನಿಗೆ ಸಿಟ್ಟು. "ಏನೋ ಚಟ ಅಂಟಿಕೊಂಡಿದೆ. ನೀವೇ ಬುದ್ಧಿ ಹೇಳಿ" ಎಂದು ಎದ್ದು ಹೊರಗೆ ಹೋಗಿ ನಿಂತರು.

ಹದಿನಾರರ ಹುಡುಗ, ಬಚ್ಚಲುಮನೆ, ಒಳಗಿನಿಂದ ಚಿಲಕ. ಅಪ್ಪ ಏನು ಅಂದುಕೊಂಡಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ. ತಪ್ಪು ಒಪ್ಪಿಕೊಳ್ಳುತ್ತೇನೆ, ನಾನೂ ಅದನ್ನೇ ಅಂದುಕೊಂಡೆ. ಎರಡು ಭೇಟಿ ಪೂರ್ತಿ ವಯಸ್ಸಿನ ಬದಲಾವಣೆ, ಓದಿನ ಒತ್ತಡ, ಅಪ್ಪನ ಜೊತೆಗಿನ ಜಗಳ ಇದರಲ್ಲೇ ಕಳೆದೆ. ಹುಡುಗ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದ. ಒಳಗೆ ಏನು ಮಾತಾಡುತ್ತೀಯ, ಯಾಕೆ ನೆನಪಿರಲ್ಲ ಎಂಬುದನ್ನು ನಾನು ಸರಿಯಾಗಿ ಕೇಳಲೇ ಇಲ್ಲ. ಅಮ್ಮ ಮೊದಲ ದಿನವೇ ಹೇಳಿದ್ದ ಮಾತು ಅದು.

ಮೂರನೇ ಸಲ ಬಂದಾಗ ಹುಬ್ಬಿನ ಮೇಲೆ ಮೂರು ಹೊಲಿಗೆ ಇತ್ತು. ಬಚ್ಚಲಲ್ಲೇ ಬಿದ್ದಿದ್ದ. ಚಿಲಕ ಮುರಿದು ಹೊರಗೆ ತಂದರಂತೆ. ಈ ಸಲ ಜೊತೆಗೆ ಅಜ್ಜಿಯೂ ಬಂದಿದ್ದರು, ಅವರಾಗಿಯೇ.

"ಇವನ ತಾತಂಗೂ ಹಿಂಗೇ ಆಗೋದು ಕಣವ್ವ" ಎಂದರು. "ನೆತ್ತಿ ಮೇಲೆ ನಾಕು ಚೊಂಬು ಬಿಸಿನೀರು ಬಿದ್ರೆ ಸಾಕು, ಒಂದೇ ಕಡೆ ನೋಡ್ತಾ ಕೂತುಬಿಡೋರು. ಕರೆದ್ರೆ ಓಗೊಡ್ತಿರಲಿಲ್ಲ. ಕೈ ಮಾತ್ರ ನೀರು ಹುಯ್ಕೊಳ್ತಾನೇ ಇರೋದು. ನಾನೇ ಚೊಂಬು ಕಿತ್ಕೊಳ್ತಿದ್ದೆ. ಗಾಳಿ ಸೋಕು ಅಂತ ತಾಯಿತ ಕಟ್ಟಿಸಿದ್ವಿ."

ಆಗ ನನಗೆ ಹೊಳೆಯಿತು. ಇದು ಬಿಸಿನೀರಿನ ಫಿಟ್ಸ್ ಇರಬಹುದು.

ಇದು ಮೂರ್ಛೆ ರೋಗದಲ್ಲೇ ಒಂದು ಬಗೆ. ಎಲ್ಲ ಫಿಟ್ಸೂ ಕೈಕಾಲು ಬಡಿದುಕೊಂಡು, ಬಾಯಲ್ಲಿ ನೊರೆ ಬಂದೇ ಆಗಬೇಕಿಲ್ಲ. ಇದರಲ್ಲಿ ಎಷ್ಟೋ ಜನ ಮಂಕಾಗಿ ದಿಟ್ಟಿಸುತ್ತಾರೆ, ಸುಮ್ಮಸುಮ್ಮನೆ ಹೆದರುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ. ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಅದಕ್ಕೇ ದೆವ್ವ ಎಂದು ತಿಳಿಯುವುದು. ಕೆಲವರಲ್ಲಿ ಅದು ಮುಂದುವರಿದು ಇಡೀ ಮೈಯ ಫಿಟ್ಸ್ ಆಗುತ್ತದೆ. ಕಿರಣ ಬಿದ್ದದ್ದು ಹಾಗೆ.

ಮೈಗೆ ಬಿಸಿನೀರು ಹಾಕಿಕೊಂಡರೆ ಸಾಮಾನ್ಯವಾಗಿ ಬರುವುದಿಲ್ಲ. ನೆತ್ತಿಯ ಮೇಲೆ, ಜಾಸ್ತಿ ಬಿಸಿ ಇರುವ ನೀರು, ಚೊಂಬಿನ ಮೇಲೆ ಚೊಂಬು ಬೇಗ ಬೇಗ ಬಿದ್ದಾಗ ಬರುತ್ತದೆ. 40ರಿಂದ 50 ಡಿಗ್ರಿ ಬಿಸಿಯ ನೀರು ಅನ್ನಿ. ನಮ್ಮ ಕಡೆಯ ತಲೆಸ್ನಾನವೇ ಹಾಗಲ್ವಾ? ವಾರಕ್ಕೊಮ್ಮೆ ಹಂಡೆ ಕಾಯಿಸಿ, ಮೈ ಕೆಂಪಾಗುವಷ್ಟು ಬಿಸಿ ಹುಯ್ದರೆ ಮಾತ್ರ ಸ್ನಾನ ಎನ್ನುವವರು ನಾವು. ಹಳೇ ಮೈಸೂರು ಕಡೆ ಈ ಕಾಯಿಲೆ ಜಾಸ್ತಿ ಕಂಡಿದೆ. ನಿಮ್ಹಾನ್ಸ್‌ನ ವೈದ್ಯರು 1988ರಲ್ಲೇ ಇಂಥ 279 ಜನರ ಬಗ್ಗೆ ಬರೆದಿದ್ದರು. ದೂರದ ಟರ್ಕಿಯಲ್ಲೂ ಇದು ಕಾಣುತ್ತದೆ. ಅಲ್ಲೂ ಬೋಗುಣಿಯಲ್ಲಿ ಬಿಸಿನೀರು ಮೊಗೆದು ತಲೆಗೆ ಸುರಿದುಕೊಳ್ಳುವ ರೂಢಿ ಇದೆ. ಹಾಗೆಂದು ಬರೀ ನೀರಿನದೇ ತಪ್ಪಲ್ಲ. ಊರಿಗೆಲ್ಲ ಅದೇ ನೀರು, ಬರುವುದು ಕೆಲವರಿಗೆ ಮಾತ್ರ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬರುವುದೂ ಉಂಟು. ತಾತ, ಮೊಮ್ಮಗ ಹಾಗೆ. ಗಂಡು ಮಕ್ಕಳಲ್ಲಿ ಹೆಚ್ಚು.

ಉಳಿದವರನ್ನು ಹೊರಗೆ ಕೂರಿಸಿ ಕಿರಣನನ್ನು ಒಬ್ಬನೇ ಕೇಳಿದೆ. ಈ ಸಲ ಬುದ್ಧಿ ಹೇಳಲಿಲ್ಲ. "ಮೊದಲ ಚೊಂಬಿಂದ ಏನೇನಾಗುತ್ತೆ ಹೇಳು" ಎಂದೆ.

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಮೂರ್ನಾಲ್ಕು ಚೊಂಬು ಆದ್ಮೇಲೆ ಒಂಥರಾ ಹಿತ ಆಗುತ್ತೆ ಮೇಡಂ. ಹೇಳೋಕೆ ಬರಲ್ಲ. ಇನ್ನೂ ಹುಯ್ಕೋಬೇಕು ಅನ್ಸುತ್ತೆ. ಆಮೇಲೆ ಗೊತ್ತಾಗಲ್ಲ" ಎಂದ. ಕಣ್ಣಲ್ಲಿ ನೀರು. "ಅಪ್ಪ ಹೇಳೋದು ನಿಜಾನೇ, ಚಟಾನೇ ಇದು."

ಇಷ್ಟು ದಿನ ಅವನ ಎದೆ ಮೇಲೆ ಕೂತಿದ್ದು ಇದು. ನಾನು ಹೇಳಿದ್ದು ಇಷ್ಟು: "ಈ ಕಾಯಿಲೆ ಇರುವ ಕೆಲವರಿಗೆ ಹೀಗೇ ಆಗುತ್ತೆ. ಆ ಹಿತವೂ ಫಿಟ್ಸಿನ ಜೊತೆಗೇ ಬರೋದು. ಇನ್ನೂ ಹುಯ್ಕೋಬೇಕು ಅನ್ನಿಸೋದೂ ಹಾಗೇ. ನೀನು ಕೆಟ್ಟವನು ಅಂತ ಅರ್ಥ ಅಲ್ಲ. ಆದರೆ ಆ ಹಿತ ಬೇಕು ಅಂತ ನೀನಾಗಿ ಹುಯ್ಕೊಂಡರೆ ಪ್ರತಿ ಸಲವೂ ಫಿಟ್ಸನ್ನು ಕರೆದ ಹಾಗೆ." ಈ ಹಿತದ ವಿಷಯ ಅಪ್ಪನಿಗೆ ಹೇಳಬೇಡಿ ಎಂದ. ಒಪ್ಪಿದೆ. ಆದರೆ ಡಾಕ್ಟರಿಗೆ ಅವನೇ ಹೇಳಬೇಕು ಎಂದು ಮಾತು ತೆಗೆದುಕೊಂಡೆ. ಅದು ಗೊತ್ತಾಗದೆ ಅವರು ಸರಿಯಾದ ಚಿಕಿತ್ಸೆ ಕೊಡಲಾರರು.

ನರರೋಗ ತಜ್ಞರು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ, ಮಾಡಿಸಿದರು. ಏನೂ ಇಲ್ಲ ಎಂದು ಬಂತು. ಅಪ್ಪನ ಮುಖದಲ್ಲಿ ಮತ್ತೆ ಹಳೇ ಸಂಶಯ. ಫಿಟ್ಸ್ ಬರದ ಹೊತ್ತಿನಲ್ಲಿ ತೆಗೆದರೆ ಇಇಜಿ ಸರಿಯಾಗೇ ಬರಬಹುದು. ಇಲ್ಲಿ ರೋಗ ಹಿಡಿಯುವುದು ಹೆಚ್ಚಾಗಿ ಕಣ್ಣಾರೆ ಕಂಡವರ ಮಾತಿನಿಂದ. ಅಜ್ಜಿಯ ಮಾತು ಆ ಕಾಗದಕ್ಕಿಂತ ಹೆಚ್ಚು ಕೆಲಸ ಮಾಡಿತು.

ಡಾಕ್ಟರು ದಿನಾ ನುಂಗುವ ಮಾತ್ರೆ ಕೊಡಲಿಲ್ಲ. ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆ. ಇವನಿಗೆ ನೀರು ಬಿಟ್ಟರೆ ಬೇರೆ ಹೊತ್ತಿನಲ್ಲಿ ಫಿಟ್ಸ್ ಬಂದಿರಲಿಲ್ಲ, ಅದಕ್ಕೆ ಹೀಗೆ. ಕೆಲವರಿಗೆ ಒಂದೆರಡು ವರ್ಷದ ಮೇಲೆ ನೀರಿಲ್ಲದೆಯೂ ಬರಲು ಶುರುವಾಗುತ್ತದೆ. ಅಂಥವರಿಗೆ ದಿನಾ ಮಾತ್ರೆ ಬೇಕು. ಇದನ್ನು ಓದಿ ಯಾರೂ ಅಂಗಡಿಯಿಂದ ಆ ಮಾತ್ರೆ ತಂದು ನುಂಗಬೇಡಿ. ನಿದ್ದೆ ಬರಿಸುವ ಮಾತ್ರೆ ಅದು, ಎಷ್ಟು ಎಂದು ಡಾಕ್ಟರೇ ಹೇಳಬೇಕು.

ನನ್ನ ಪಾಲಿಗೆ ಉಳಿದದ್ದು ಬಚ್ಚಲುಮನೆ. ಮುರಿದ ಚಿಲಕ ಮತ್ತೆ ಹಾಕಿಸಬೇಡಿ ಎಂದೆ. ಹದಿನಾರರ ಹುಡುಗನಿಗೆ ಅದು ಅವಮಾನ, ಗೊತ್ತು. ಹಾಗಾಗಿ ಬಾಗಿಲಿಗೆ ಟವೆಲ್ ನೇತುಹಾಕಿದ್ದರೆ ಯಾರೂ ಒಳಗೆ ಬರುವ ಹಾಗಿಲ್ಲ, ಐದು ನಿಮಿಷಕ್ಕೊಮ್ಮೆ ಕೂಗಿದರೆ ಅವನು ಉತ್ತರ ಕೊಡಬೇಕು ಎಂದು ಅವರವರೇ ಮಾತಾಡಿ ಗೊತ್ತುಮಾಡಿಕೊಂಡರು. ಹಂಡೆಯ ಹತ್ತಿರ ಅವನು ಹೋಗುವಂತಿಲ್ಲ. ಅಮ್ಮ ಬಕೆಟ್ಟಿನಲ್ಲಿ ಉಗುರುಬೆಚ್ಚಗೆ ಬೆರೆಸಿ ಇಡುತ್ತಾರೆ. ತಲೆಗೆ ಚೊಂಬಿನಲ್ಲಿ ಸುರಿಯುವುದು ಬೇಡ, ಒದ್ದೆ ಟವೆಲಿನಿಂದ ಒರೆಸಿದರೆ ಸಾಕು. ನಾಲೆಯಲ್ಲಿ ಒಬ್ಬನೇ ಈಜಬಾರದು, ಇದರಲ್ಲಿ ರಾಜಿ ಇಲ್ಲ. ಅಕಸ್ಮಾತ್ ಬಿದ್ದರೆ ನೀರಿನಿಂದ, ಒಲೆಯಿಂದ ದೂರ ಎಳೆದು ಒಂದು ಮಗ್ಗುಲಿಗೆ ಮಲಗಿಸುವುದು. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್.

ಅಪ್ಪನ ಜೊತೆ ಬೇರೆಯಾಗಿ ಕೂತೆ. ಜಾಸ್ತಿ ಮಾತಾಡುವ ಮನುಷ್ಯ ಅಲ್ಲ. "ಹೋದ ವರ್ಷ ಬಾಗಿಲು ತೆಗೆಸಿ ಎರಡು ಬಿಟ್ಟಿದ್ದೆ" ಎಂದರು. "ಆಗ ಅವನಿಗೆ ಜ್ಞಾನ ಇರಲಿಲ್ವಾ?" ಇರಲಿಲ್ಲ ಅನ್ನಿಸುತ್ತೆ ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಇದನ್ನು ಅವನಿಗೇ ಹೇಳಿ ಎಂದೆ. ಹೇಳಿದರೋ ಇಲ್ಲವೋ ನಾನು ಕೇಳಿಲ್ಲ.

ಅಜ್ಜಿಯ ಚಿಂತೆಯೇ ಬೇರೆ. ನೀರು ತುಂಬುವ ಹಬ್ಬ ಬರುತ್ತದೆ, ಎಣ್ಣೆ ನೀರು ಬಿಡುವುದು ಹೇಗೆ? ಎಣ್ಣೆ ನೀವೇ ಹಚ್ಚಿ, ನೀರು ಬೆಚ್ಚಗಿರಲಿ, ಮಾತ್ರೆ ಮರೆಯಬೇಡಿ ಎಂದೆ. ಚಿಕ್ಕವನಿದ್ದಾಗ ತಾನೇ ಬಿಸಿಬಿಸಿ ಹುಯ್ದೆ, ಅದರಿಂದಲೇ ಹೀಗಾಯ್ತು ಎಂದು ಅತ್ತರು. ಆ ನೀರು ಬೇರೆ ಮೊಮ್ಮಕ್ಕಳ ತಲೆಗೂ ಬಿದ್ದಿತ್ತಲ್ಲ ಅಜ್ಜಿ, ಅವರೆಲ್ಲ ಚೆನ್ನಾಗಿಲ್ವಾ ಎಂದ ಮೇಲೆ ಸ್ವಲ್ಪ ತಣ್ಣಗಾದರು.

ಆರು ತಿಂಗಳಲ್ಲಿ ಒಂದೇ ಸಲ ಬಂದಿದೆ. ಸೋದರಮಾವನ ಮನೆಯಲ್ಲಿ, ಮಾತ್ರೆ ತಪ್ಪಿಸಿ, ಚಿಲಕ ಹಾಕಿಕೊಂಡು. ಅದನ್ನು ಅವನೇ ಬಂದು ಹೇಳಿದ.

"ಬೇಕು ಅಂತಾನೇ ಹುಯ್ಕೊಂಡೆ ಮೇಡಂ. ಇನ್ನೂ ಒಂದೊಂದ್ಸಲ ಆಸೆ ಆಗುತ್ತೆ."

ಬೈಯಲಿಲ್ಲ. ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ಇಬ್ಬರೂ ಎದ್ದು ಅವರ ಕೋಣೆಯ ಮುಂದಿನ ಸಾಲಿನಲ್ಲಿ ಹೋಗಿ ಕೂತೆವು.